ವಲಸೆ ಹಕ್ಕಿಯ ಮೈಮೇಲೆ ಬಂದವರಲ್ಲಿ ಇಲ್ಲಿ ಇಳಿಯುವವರು ಯಾರು?

ಜನವರಿಯ ಒಂದು ಮುಂಜಾನೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಹೆರಕಲ್ ಕಡೆ, ಮೀನುಗಾರರೊಬ್ಬರ ಬಲೆಗೆ ಹದ್ದೊಂದು ಸಿಕ್ಕಿಹಾಕಿಕೊಂಡಿತ್ತು. ಊರ ಮೇಲೆ ಸುತ್ತುವ ನಮ್ಮ ಹದ್ದಲ್ಲ. ಮಾರ್ಷ್ ಹ್ಯಾರಿಯರ್ ಎಂಬ ವಲಸೆ ಹಕ್ಕಿ, ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಬಂದು ಜೊಂಡಿನ ಮೇಲೆ ತಗ್ಗಿನಲ್ಲೇ ತೇಲಾಡುವಂಥದ್ದು. ಅವರು ಹೆಗಲ ಮೇಲಿನ ಟವೆಲ್ಲನ್ನೇ ಅದರ ಮುಖಕ್ಕೆ ಮುಚ್ಚಿ, ಕಾಲಿಗೆ ಸುತ್ತಿದ್ದ ದಾರ ಕತ್ತರಿಸಿ ಬಿಟ್ಟರು. ಹಕ್ಕಿ ಹಾರಿಹೋಯಿತು. ಅವರ ಮೊಳಕೈ ಮೇಲೆ ಎರಡು ನೊಣ ಉಳಿದವು.

ನೊಣ ಎಂದೆ, ಆದರೆ ಯಾರೋ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿದ ನೊಣ. ಏಡಿಯ ಹಾಗೆ ಅಡ್ಡಡ್ಡ ಓಡುತ್ತಿದ್ದವು.

"ಸರ, ಇದು ನಮ್ಮ ನಾಯಿ ಮೈಯಾಗಿನ ತೊಣಚಿ ಇದ್ದಂಗ ಐತಲ್ರಿ. ಒತ್ತಿದ್ರೂ ಸಾಯವಲ್ದು."

"ಅದರ ಬಳಗಾನ ಇದು, ಕಾಕಾ," ಎಂದೆ. ಒಂದನ್ನು ಅವರು ಉಗುರಿನಿಂದ ಕುಟುಕಿ ಎಸೆದರು. ಇನ್ನೊಂದನ್ನು ನಾನು ಸ್ಪಿರಿಟ್ ಇದ್ದ ಸಣ್ಣ ಶೀಸೆಗೆ ಹಾಕಿಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನ ಚೀಲದಲ್ಲಿ ಇಂಥ ಶೀಸೆ ಒಂದೆರಡು ಇದ್ದೇ ಇರುತ್ತವೆ.

ಅಲ್ಲಿ ನಿಂತಿದ್ದ ಹುಡುಗನೊಬ್ಬ ತೆಗೆದ ಫೋಟೊ ಸಂಜೆಯೊಳಗೆ ನಾಲ್ಕೈದು ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಜೊತೆಗೊಂದು ಸಾಲು: "ವಿದೇಶಿ ಹಕ್ಕಿಗಳಿಂದ ರಕ್ತ ಹೀರುವ ಹುಳ, ಕೋಳಿ ಸಾಕಿದವರು ಎಚ್ಚರ." ಮರುದಿನದಿಂದ ಪ್ರಶ್ನೆಗಳ ಮಳೆ. ಹಿನ್ನೀರಿಗೆ ದನ ಬಿಡಬಹುದೇ? ಮಕ್ಕಳು ಆರಿಸಿ ತಂದ ಗರಿ ಮನೆಯಲ್ಲಿಡಬಹುದೇ? ಇದರಿಂದ ಹಕ್ಕಿಜ್ವರ ಬರುತ್ತದೆಯೇ? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿ ಇದನ್ನು ಬರೆಯಲು ಕುಳಿತೆ.

ಹೊರಗಿನ ಪರಾವಲಂಬಿ ಎಂದರೆ

ಇನ್ನೊಂದು ಜೀವಿಯ ಮೇಲೆ ಬದುಕಿ, ಅದರಿಂದಲೇ ಊಟ ಪಡೆಯುವ ಜೀವಿ ಪರಾವಲಂಬಿ. ಜಂತುಹುಳದಂತೆ ಹೊಟ್ಟೆಯೊಳಗೆ ಇದ್ದರೆ ಒಳಗಿನದು, ಹೇನಿನಂತೆ ಮೈಮೇಲೆ ಇದ್ದರೆ ಹೊರಗಿನದು. ಹಕ್ಕಿಗಳ ಮೈಮೇಲೆ ಮುಖ್ಯವಾಗಿ ಸಿಗುವವು ನಾಲ್ಕು ಬಳಗ: ಹೇನು, ನುಸಿ, ಚಪ್ಪಟೆ ನೊಣ, ಉಣ್ಣಿ. ಚಿಗಟವೂ ಉಂಟು. ಆದರೆ ಅದರ ಬಾಳ್ವೆ ಹೆಚ್ಚಾಗಿ ಗೂಡಿನಲ್ಲಿ, ಇಲ್ಲಿಗೆ ಬರುವ ವಲಸೆ ಹಕ್ಕಿಗಳ ಗೂಡು ಸಾವಿರಾರು ಕಿಲೋಮೀಟರ್ ದೂರದಲ್ಲಿ. ಹಾಗಾಗಿ ಚಿಗಟವನ್ನು ಇಲ್ಲಿಗೇ ಬಿಡೋಣ.

ಕಾಲು ಎಣಿಸಿದರೆ ಅರ್ಧ ಗುರುತು ಸಿಕ್ಕಂತೆ. ಹೇನು ಮತ್ತು ನೊಣ ಕೀಟಗಳು, ಅವಕ್ಕೆ 6 ಕಾಲು. ನುಸಿ ಮತ್ತು ಉಣ್ಣಿ ಜೇಡ, ಚೇಳುಗಳ ಸಂಬಂಧಿಕರು, ಬೆಳೆದವಕ್ಕೆ 8 ಕಾಲು. ಇವುಗಳ ಮರಿಗೆ ಸಾಮಾನ್ಯವಾಗಿ ಹುಟ್ಟಿದಾಗ 6 ಕಾಲು ಇದ್ದು, ಮೊದಲ ಪೊರೆ ಬಿಟ್ಟ ಮೇಲೆ 8 ಆಗುತ್ತವೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಮೆಣಸಿನಕಾಯಿ, ದಾಳಿಂಬೆ ಬೆಳೆಯುವವರು ಸಣ್ಣ ಕೀಟವಾದ ಥ್ರಿಪ್ಸ್‌ಗೂ ನುಸಿ ಅನ್ನುತ್ತಾರೆ, ಮೈಟ್‌ಗೂ ನುಸಿ ಅನ್ನುತ್ತಾರೆ. ಇಲ್ಲಿ ನುಸಿ ಎಂದರೆ ಮೈಟ್ ಮಾತ್ರ.

ಕುರಿ ಹಿಂಡಿನ ಹೋಲಿಕೆ

ನಮ್ಮ ಭಾಗದಲ್ಲಿ ಕುರಿಗಾರರು ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಊರೂರು ನಡೆಯುತ್ತಾರೆ. ಹಿಂಡಿನ ಜೊತೆ ಹೋಗುವವರೆಲ್ಲ ಒಂದೇ ಥರದವರಲ್ಲ. ಕುರಿಗಾರರ ಮನೆಮಂದಿ, ನಾಯಿ, ಸಾಮಾನು ಹೊರುವ ಕುದುರೆ ಕೊನೆಯವರೆಗೂ ಹಿಂಡಿನ ಜೊತೆಗೇ ಇರುತ್ತಾರೆ. ಕೂಸು ಹುಟ್ಟಿದರೂ ಆ ದಾರಿಯಲ್ಲೇ. ಇನ್ನು ಹೊಲದಲ್ಲಿ ಕುರಿ ತರುಬಿಸಿದ ರಾತ್ರಿ, ಹೊಟ್ಟೆ ತುಂಬಿದ ಉಣ್ಣಿಗಳು ಕುರಿಯ ಮೈಯಿಂದ ಉದುರಿ ಆ ಹೊಲದಲ್ಲೇ ಉಳಿಯುತ್ತವೆ. ಹಿಂಡು ಮುಂದೆ ಹೋಗುತ್ತದೆ, ಉಣ್ಣಿ ಹೋಗುವುದಿಲ್ಲ.

ಹಕ್ಕಿಯ ಮೈಮೇಲೂ ಹೀಗೆಯೇ. ಹೇನು ಮತ್ತು ಗರಿಯ ನುಸಿ ಮನೆಮಂದಿಯಂತೆ, ಹಕ್ಕಿಯನ್ನು ಬಿಟ್ಟು ಇಳಿಯುವುದಿಲ್ಲ. ಉಣ್ಣಿ ಕೆಲದಿನ ಮಾತ್ರ ಅಂಟಿಕೊಂಡಿದ್ದು ಉದುರುತ್ತದೆ. ಚಪ್ಪಟೆ ನೊಣ ಇವೆರಡರ ನಡುವಿನದು, ರೆಕ್ಕೆ ಇದೆ, ಬೇಕಾದರೆ ಹಾರುತ್ತದೆ. "ಇದರಿಂದ ನಮಗೇನಾದರೂ ಆಗುತ್ತದಾ" ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಅಡಗಿರುವುದು ಇಲ್ಲೇ: ಯಾರು ಇಳಿಯುತ್ತಾರೆ, ಯಾರು ಇಳಿಯುವುದಿಲ್ಲ.

ಹೇನು: ಗರಿಯಲ್ಲೇ ಹುಟ್ಟಿ ಗರಿಯಲ್ಲೇ ಸಾಯುವುದು

ಮನುಷ್ಯರ ತಲೆಹೇನು ರಕ್ತ ಹೀರುತ್ತದೆ. ಹಕ್ಕಿಯ ಹೇನಿಗೆ ಇರುವುದು ಕಚ್ಚಿ ಅಗಿಯುವ ಬಾಯಿ. ಅದರ ಮುಖ್ಯ ಊಟ ಗರಿಯ ನಯವಾದ ಎಳೆ ಮತ್ತು ಚರ್ಮದ ಹೊಟ್ಟು. ಕೆಲವು ಬಗೆಯವು ಎಳೆಯ ಗರಿಯ ಬುಡ ಕಚ್ಚಿ ರಕ್ತವನ್ನೂ ಸವಿಯುತ್ತವೆ. ಜಗತ್ತಿನಲ್ಲಿ ಇಂಥ ಹಕ್ಕಿ ಹೇನುಗಳು ಸುಮಾರು 4,000 ಬಗೆ. ಹೆಚ್ಚಿನವು ಒಂದೇ ಜಾತಿಯ, ಇಲ್ಲವೇ ಹತ್ತಿರದ ಸಂಬಂಧದ ಕೆಲವೇ ಹಕ್ಕಿಗಳ ಮೇಲೆ ಮಾತ್ರ ಬದುಕಬಲ್ಲವು.

ತಾಯಿ ಹೇನು ಸೀರನ್ನು ಗರಿಗೆ ಅಂಟಿಸಿ ಇಡುತ್ತದೆ. ಮರಿ ಮೂರು ಸಲ ಪೊರೆ ಬಿಟ್ಟು ಮೂರು ನಾಲ್ಕು ವಾರದಲ್ಲಿ ಬೆಳೆದು ನಿಲ್ಲುತ್ತದೆ. ಎಲ್ಲವೂ ಅದೇ ಮೈಮೇಲೆ, ಅದೇ ಬಿಸಿಯಲ್ಲಿ. ಹಕ್ಕಿಯಿಂದ ಬಿದ್ದ ಹೇನು ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಅದು ದಾಟುವುದು ಮೈಗೆ ಮೈ ತಾಕಿದಾಗ: ಜೋಡಿಯಾಗುವಾಗ, ಅಥವಾ ಗೂಡಿನಲ್ಲಿ ತಾಯಿಯಿಂದ ಮರಿಗೆ.

ಒಂದೇ ಹಕ್ಕಿಯ ಮೇಲೂ ಓಣಿ ಬೇರೆ ಬೇರೆ. ರೆಕ್ಕೆಯ ಹೇನು ಉದ್ದಕ್ಕೆ ತೆಳ್ಳಗೆ ಇದ್ದು, ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿದ ಕೂದಲಿನಂತೆ ಗರಿಯ ಎಳೆಗಳ ಸಂದಿಯಲ್ಲಿ ಮಲಗಿಬಿಡುತ್ತದೆ. ಮೈಯ ಹೇನು ದುಂಡಗೆ, ಕೆದಕಿದರೆ ಒಳಗಿನ ತುಪ್ಪಳದೊಳಕ್ಕೆ ಓಡುತ್ತದೆ. ತಲೆಯ ಹೇನು ದಪ್ಪ, ನಿಧಾನ. ಈ ಆಕಾರಗಳೆಲ್ಲ ಯಾಕೆ ಎಂದರೆ ಉತ್ತರ ಒಂದೇ: ಕೊಕ್ಕು.

ಹಕ್ಕಿ ದಿನದಲ್ಲಿ ಎಷ್ಟೋ ಹೊತ್ತು ಗರಿ ನೇವರಿಸುತ್ತ ಕೂರುವುದು ಸಿಂಗಾರಕ್ಕಷ್ಟೇ ಅಲ್ಲ, ಹೇನು ತೆಗೆಯಲಿಕ್ಕೂ. ಮೇಲಿನ ಕೊಕ್ಕಿನ ತುದಿ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದಿರುತ್ತದೆಯಲ್ಲ, ಆ ಚೂರು ಮೊನೆಯೇ ಹೇನನ್ನು ಹಿಸುಕುವ ಅಂಚು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇಲ್ ಕ್ಲೇಟನ್ ಮತ್ತು ಸಂಗಡಿಗರು ಪಾರಿವಾಳಗಳ ಆ ತುದಿಯನ್ನಷ್ಟೇ ಸವರಿ ನೋಡಿದರು. ಪಾರಿವಾಳಗಳು ಮೊದಲಿನಂತೆಯೇ ತಿಂದವು, ಮೊದಲಿನಂತೆಯೇ ನೇವರಿಸಿದವು. ಹೇನು ಮಾತ್ರ ಹೆಚ್ಚುತ್ತ ಹೋಯಿತು. ತುದಿ ಮತ್ತೆ ಬೆಳೆದ ಮೇಲೆ ಇಳಿಯಿತು.

ಇದಕ್ಕಿಂತ ನನಗೆ ಇಷ್ಟವಾದದ್ದು ಬಣ್ಣದ ಸಂಗತಿ. ಬಿಳಿ ಹಕ್ಕಿಯ ಹೇನು ಬೆಳ್ಳಗೆ, ಕಪ್ಪು ಹಕ್ಕಿಯದು ಕಪ್ಪಗೆ. ಎದ್ದು ಕಾಣುವ ಹೇನು ಕೊಕ್ಕಿಗೆ ಮೊದಲು ಸಿಗುತ್ತದೆ, ಕಾಣದ್ದು ಉಳಿದು ಮರಿ ಮಾಡುತ್ತದೆ. ಆದರೆ ತಲೆಯ ಹೇನಿಗೆ ಈ ಹೊಂದಾಣಿಕೆ ಇಲ್ಲ. ಯಾಕೆಂದರೆ ತನ್ನ ತಲೆ ತನಗೆ ಕಾಣುವುದಿಲ್ಲ, ಕೊಕ್ಕಿಗೆ ಎಟುಕುವುದೂ ಇಲ್ಲ! ಅಲ್ಲಿ ಹಕ್ಕಿ ಕಾಲಿನಿಂದ ಕೆರೆದುಕೊಳ್ಳಬೇಕಷ್ಟೆ. ಅದೇ ಯೂಟಾದಲ್ಲಿ ಪಾರಿವಾಳದ ಹೇನುಗಳನ್ನು ಬಿಳಿ ಮತ್ತು ಕಪ್ಪು ಪಾರಿವಾಳಗಳ ಮೇಲೆ ಬಿಟ್ಟು 4 ವರ್ಷ ಕಾದರು. ಹೇನಿನ ಲೆಕ್ಕದಲ್ಲಿ ಅದು ಸುಮಾರು 60 ತಲೆಮಾರು. ಅಷ್ಟರಲ್ಲೇ ಹೇನುಗಳ ಬಣ್ಣ ತಾವಿದ್ದ ಹಕ್ಕಿಯ ಕಡೆಗೆ ವಾಲಿತ್ತು.

ಹಾಗಾದರೆ ಹಕ್ಕಿಗೆ ತೊಂದರೆ ಇಲ್ಲವೇ? ಗಟ್ಟಿಮುಟ್ಟಾದ ಹಕ್ಕಿಯ ಮೇಲೆ ಹೇನು ಸ್ವಲ್ಪವೇ ಇರುತ್ತದೆ, ದೊಡ್ಡ ನಷ್ಟವಿಲ್ಲ. ಕೊಕ್ಕು ಮುರಿದಿದ್ದರೆ, ಕಾಯಿಲೆ ಬಿದ್ದು ನೇವರಿಸಲು ತ್ರಾಣ ಇಲ್ಲದಿದ್ದರೆ ಹೇನು ಮಿತಿ ಮೀರುತ್ತದೆ. ಒಳಗಿನ ತುಪ್ಪಳವನ್ನೆಲ್ಲ ತಿಂದುಹಾಕಿದಾಗ ಹಕ್ಕಿಗೆ ಚಳಿ ತಡೆಯಲು ಹೆಚ್ಚು ಮೇವು ಬೇಕಾಗುತ್ತದೆ. ಹರಿದ ಕೌದಿ ಹೊದ್ದು ಮಲಗಿದ ಹಾಗೆ. ಹಿಮಾಲಯದ ಮೇಲೆ 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಇರುವ ಪಟ್ಟೆತಲೆ ಹೆಬ್ಬಾತಿಗೆ ಗರಿಯ ಬೆಲೆ ಏನೆಂದು ಇದರಿಂದ ಊಹಿಸಬಹುದು. ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ಹಾಕಿಸಿಕೊಂಡ ಈ ಬಾತುಗಳು ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕಾಣಿಸಿಕೊಂಡಿವೆ.

ನಮ್ಮ ಒಣ ಹವೆಗೂ ಇದರಲ್ಲಿ ಪಾಲಿದೆ. ಬಹಳಷ್ಟು ಹೇನುಗಳು ನೀರು ಕುಡಿಯುವುದಿಲ್ಲ, ಗರಿಯ ನಡುವಿನ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಒಣ ಸೀಮೆಯ ಹಕ್ಕಿಗಳ ಮೇಲೆ ಹೇನು ಕಡಿಮೆ ಎಂಬುದು ಹೋಲಿಕೆಯ ಅಧ್ಯಯನಗಳಲ್ಲಿ ಕಂಡಿದೆ. ಮಾರ್ಚ್ ತಿಂಗಳ ವಿಜಯಪುರದ ಬಿಸಿಲು ನಮಗಷ್ಟೇ ಅಲ್ಲ, ಹೇನಿಗೂ ಕಷ್ಟ.

ಇನ್ನು ರಾಜಹಂಸಗಳ, ಅಂದರೆ ಫ್ಲೆಮಿಂಗೊಗಳ ಮಾತು. ಹಿನ್ನೀರು ಇಳಿದು ಕೆಸರು ಬಯಲಾಗುವ ಹೊತ್ತಿಗೆ ಚಿಕ್ಕಸಂಗಮದ ಕಡೆ ಇವು ಬಂದರೆ ಬಾಗಲಕೋಟೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಜನ ನೋಡಲು ಹೋಗುತ್ತಾರೆ. ಇವುಗಳ ಹೇನು ಒಂದು ಕಾಲದಲ್ಲಿ ವಿಜ್ಞಾನಿಗಳನ್ನೇ ದಾರಿ ತಪ್ಪಿಸಿತ್ತು. ರಾಜಹಂಸದ ಮೇಲಿನ ಹೇನುಗಳು ಬಾತುಗಳ ಹೇನಿನ ಕುಲಕ್ಕೇ ಸೇರಿದವು. ಹೇನು ಒಂದೇ ಕುಲವಾದರೆ ಹಕ್ಕಿಯೂ ಒಂದೇ ವಂಶ ಇರಬೇಕು, ಹಾಗಾಗಿ ರಾಜಹಂಸ ಬಾತುಗಳ ನೆಂಟ ಎಂಬ ವಾದ ಬಹಳ ವರ್ಷ ನಡೆಯಿತು. ಆಮೇಲೆ ಡಿಎನ್‌ಎ ನೋಡಿದಾಗ ರಾಜಹಂಸದ ಹತ್ತಿರದ ನೆಂಟ ಗ್ರೀಬ್ ಎಂದು ತಿಳಿಯಿತು. ಗ್ರೀಬ್ ಎಂದರೆ ನಮ್ಮ ಕೆರೆಗಳಲ್ಲಿ ಗುಳುಮ್ಮನೆ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ. ಹೇನು ಮಾತ್ರ ಯಾವುದೋ ಕಾಲದಲ್ಲಿ, ಒಂದೇ ನೀರಿನಲ್ಲಿ ಮೇಯುತ್ತಿದ್ದ ಬಾತುಗಳಿಂದ ದಾಟಿರಬೇಕು.

ಮನುಷ್ಯರಿಗೆ? ಹಕ್ಕಿಯ ಹೇನು ನಮ್ಮ ಕೈಮೇಲೆ ಹರಿದಾಡಬಹುದು, ಬಾಳಲಾರದು. ತಿನ್ನಲು ಗರಿ ಇಲ್ಲ, ಬಿಸಿ ಸಾಲದು. ತಲೆಗೆ ಹತ್ತಿ ಮರಿ ಮಾಡುತ್ತದೆ ಎಂಬ ಹೆದರಿಕೆ ಬೇಡ.

ನುಸಿ: ಕಳ್ಳರೂ ಉಂಟು, ಕಸ ಗುಡಿಸುವವರೂ ಉಂಟು

ಸಣ್ಣ ಹಕ್ಕಿಯೊಂದರ ರೆಕ್ಕೆ ಬಿಚ್ಚಿ ಬೆಳಕಿಗೆ ಹಿಡಿದರೆ ಗರಿಯ ದಂಟಿನ ಪಕ್ಕದಲ್ಲಿ ಸಾಲಾಗಿ ಧೂಳು ಕೂತಂತೆ ಕಾಣುವುದುಂಟು. ಭೂತಗನ್ನಡಿ ಇಟ್ಟರೆ ಧೂಳಿಗೆ ಕಾಲು ಕಾಣುತ್ತವೆ. ಅವು ಗರಿಯ ನುಸಿ, ಅರ್ಧ ಮಿಲಿಮೀಟರಿನ ಆಚೀಚೆ. ಗಾಳಿ ಸೀಳಿಕೊಂಡು ಹಾರುವ ರೆಕ್ಕೆಯ ಮೇಲೆ ಎಳೆಗಳ ನಡುವಿನ ಕಾಲುವೆಯಲ್ಲಿ ಹೊಂದಿಕೊಂಡು ಕೂತು ಇಡೀ ವಲಸೆಯನ್ನೇ ಮುಗಿಸುತ್ತವೆ.

ಇವು ರಕ್ತ ಹೀರುವುದಿಲ್ಲ, ಗರಿ ಕಡಿಯುವುದಿಲ್ಲ. ಹಕ್ಕಿ ತನ್ನ ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆ ಸವರಿಕೊಳ್ಳುತ್ತದೆ. ಆ ಎಣ್ಣೆ, ಅದಕ್ಕೆ ಅಂಟಿದ ಬೂಷ್ಟು, ಬ್ಯಾಕ್ಟೀರಿಯಾ ಇವುಗಳ ಊಟ. ಪರಾವಲಂಬಿ ಎಂದು ಇವನ್ನು ಬೈಯಬೇಕೋ ಅಥವಾ ಗರಿ ಚೊಕ್ಕ ಇಡುವ ಆಳು ಎನ್ನಬೇಕೋ ಎಂಬ ಚರ್ಚೆಯೇ ಇದೆ. ಹಕ್ಕಿ ಗರಿ ಉದುರಿಸುವ ಕಾಲ ಬಂದಾಗ, ಬೀಳಲಿರುವ ಗರಿಯನ್ನು ಈ ನುಸಿಗಳು ಮೊದಲೇ ಖಾಲಿ ಮಾಡಿ ಪಕ್ಕದ ಗರಿಗೆ ಹೋಗಿಬಿಡುತ್ತವೆ. ಮಕ್ಕಳು ದಂಡೆಯಲ್ಲಿ ಆರಿಸಿದ ಗರಿಯಲ್ಲಿ ಇವು ಸಿಗದಿರುವುದಕ್ಕೆ ಇದೂ ಒಂದು ಕಾರಣ.

ರಕ್ತ ಹೀರುವ ನುಸಿಗಳು ಬೇರೆಯೇ. ಅವುಗಳ ಪೈಕಿ ಹೆಸರಾದದ್ದು ಕೋಳಿಯ ಕೆಂಪು ನುಸಿ. ಹಗಲು ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ಹೀರಿ ಮತ್ತೆ ಬಿರುಕು ಸೇರುತ್ತದೆ. ಅಂದರೆ ಅದರ ಮನೆ ಹಕ್ಕಿಯಲ್ಲ, ಹಕ್ಕಿಯ ಗೂಡು. ಗೂಡನ್ನು ಹೊತ್ತು ತರದ ವಲಸೆ ಹಕ್ಕಿಯ ಜೊತೆ ಅದು ಬರುವುದು ಕಷ್ಟ.

ಕಾಕಾ ಕೈಮೇಲಿನ ಚಪ್ಪಟೆ ನೊಣ

ಇದರ ಇಂಗ್ಲಿಷ್ ಹೆಸರು ಲೌಸ್ ಫ್ಲೈ. ನಾಯಿ, ದನಗಳ ತೊಣಚಿಯ ಕುಟುಂಬವೇ. ಮೈ ತೊಗಲಿನಂತೆ ಬಿಗಿ, ಅದಕ್ಕೇ ಒತ್ತಿದರೆ ಸಾಯುವುದಿಲ್ಲ. ಕಾಲಿನ ತುದಿಯಲ್ಲಿ ಕೊಂಡಿಯಂಥ ಉಗುರು, ಗರಿಯ ಸಂದಿಯಲ್ಲಿ ಸರಸರ ಜಾರಿಹೋಗಲು ಚಪ್ಪಟೆ ಮೈ. ಗಂಡು ಹೆಣ್ಣು ಎರಡೂ ರಕ್ತವನ್ನೇ ಕುಡಿಯುತ್ತವೆ.

ಇದರ ಬಾಣಂತನ ಬಲು ವಿಚಿತ್ರ. ನೊಣ ಎಂದ ಕೂಡಲೇ ನೂರಾರು ಮೊಟ್ಟೆ ನೆನಪಾಗುತ್ತದೆ. ಇದು ಒಂದು ಸಲಕ್ಕೆ ಒಂದೇ ಮರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಒಳಗೇ ಹಾಲಿನಂಥ ದ್ರವ ಉಣಿಸಿ, ಪೂರ್ತಿ ಬೆಳೆಸಿ ಹೆರುತ್ತದೆ. ಹುಟ್ಟಿದ ಮರಿ ಏನನ್ನೂ ತಿನ್ನದೆ ಅಲ್ಲೇ ಕೋಶವಾಗುತ್ತದೆ. ಸಾಸಿವೆಗಿಂತ ತುಸು ದಪ್ಪನೆಯ ಕಪ್ಪು ಕಾಳಿನ ಹಾಗಿರುತ್ತದೆ ಆ ಕೋಶ.

ಹಕ್ಕಿಯನ್ನು ಹಿಡಿದಾಗ ಗಾಬರಿಯಿಂದ ಹೊರಬರುವವರಲ್ಲಿ ಇದೇ ಮೊದಲು. ಹಿಡಿದವರ ಕೈ, ತೋಳು, ಕೂದಲಿಗೆ ಹಾರುತ್ತದೆ. ಕಚ್ಚಿದರೂ ಕಚ್ಚಬಹುದು, ಸ್ವಲ್ಪ ತುರಿಕೆ ಆಗಬಹುದು. ಉಳಿದುಕೊಳ್ಳುವುದಿಲ್ಲ. ಹಕ್ಕಿಯಿಂದ ಹಕ್ಕಿಗೆ ರೋಗ ಸಾಗಿಸುವುದು ಇದರ ಕೆಲಸಗಳಲ್ಲೊಂದು: ಪಾರಿವಾಳಗಳಲ್ಲಿ ಮಲೇರಿಯಾವನ್ನು ಹೋಲುವ ರಕ್ತದ ಸೋಂಕೊಂದು ಹರಡುವುದು ಪಾರಿವಾಳದ ಚಪ್ಪಟೆ ನೊಣದಿಂದ. ಅದು ಮನುಷ್ಯರಿಗೆ ಬರುವಂಥದ್ದಲ್ಲ.

ಉಣ್ಣಿ: ಇಳಿಯುವುದು ಇದೇ

ಭಯಕ್ಕೆ ಸ್ವಲ್ಪವಾದರೂ ಆಧಾರ ಇರುವುದು ಉಣ್ಣಿಯ ವಿಷಯದಲ್ಲಿ. ದನದ ಕಿವಿಯಲ್ಲಿ ಕಾಣುವ ಗಟ್ಟಿ ಬೆನ್ನಿನ ಉಣ್ಣಿ ಹುಟ್ಟಿನಿಂದ ಸಾವಿನವರೆಗೆ ಉಣ್ಣುವುದು ಮೂರೇ ಊಟ: 6 ಕಾಲಿನ ಮರಿಯಾಗಿದ್ದಾಗ ಒಂದು, 8 ಕಾಲಿನ ಎಳೆಯದಾದಾಗ ಒಂದು, ಬೆಳೆದ ಮೇಲೆ ಒಂದು. ಬಹಳಷ್ಟು ಬಗೆಗಳು ಪ್ರತಿ ಊಟಕ್ಕೂ ಕೆಲವು ದಿನ ಅಂಟಿಕೊಂಡಿದ್ದು, ಉಬ್ಬಿ, ಉದುರುತ್ತವೆ. ಮೊದಲೆರಡು ಊಟದ ಮೇಲೆ ನೆಲದಲ್ಲಿ ಪೊರೆ ಬಿಡುತ್ತವೆ. ಪ್ರತಿ ಊಟಕ್ಕೂ ಬೇರೆ ಪ್ರಾಣಿ. ಹಕ್ಕಿಗಳ ಮೇಲೆ ಸಿಗುವುದು ಹೆಚ್ಚಾಗಿ ಮೊದಲ ಎರಡು ಹಂತದ ಚಿಕ್ಕವು. ಕಣ್ಣಿನ ಸುತ್ತ, ಕಿವಿಯ ಬಳಿ, ಗದ್ದದ ಕೆಳಗೆ, ಅಂದರೆ ಕೊಕ್ಕು ಎಟುಕದ ಕಡೆ. ನೆಲದ ಮೇಲೆ, ಪೊದೆಯ ಬುಡದಲ್ಲಿ ಮೇಯುವ ಹಕ್ಕಿಗಳಿಗೆ ಇವು ಹೆಚ್ಚು. ನೀರಲ್ಲೇ ಇರುವ ಬಾತಿಗೆ ಕಡಿಮೆ.

ಈಗ ಒಂದು ಸಣ್ಣ ಲೆಕ್ಕ. ಉಣ್ಣಿಯ ಮರಿ ಹಕ್ಕಿಯ ಮೇಲೆ ಇರುವುದು ನಾಲ್ಕು ದಿನ ಎನ್ನೋಣ. ಹಕ್ಕಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ರಾತ್ರಿಗೆ 8 ಗಂಟೆ ಹಾರಿದರೆ 400 ಕಿ.ಮೀ. ಆಗುತ್ತದೆ. ಹಾಗಾದರೆ ಉಣ್ಣಿಯೂ ನೂರಾರು ಕಿಲೋಮೀಟರ್ ಸಾಗಬಹುದು, ಅದು ನಿಜ. ಆದರೆ ಮಂಗೋಲಿಯಾ, ಕಜಕಸ್ತಾನದಿಂದ ಕೃಷ್ಣೆಯ ದಂಡೆಗೆ ಬರಲು ಹಕ್ಕಿಗೆ ಬೇಕಾಗುವುದು ವಾರಗಳು, ನಡುವೆ ಎಷ್ಟೋ ಕಡೆ ಇಳಿದು ದಣಿವಾರಿಸಿಕೊಳ್ಳುತ್ತದೆ. ಅಲ್ಲಿ ಹತ್ತಿದ ಉಣ್ಣಿ ದಾರಿಯಲ್ಲೆಲ್ಲೋ ಉದುರಿಹೋಗಿರುತ್ತದೆ. ನವೆಂಬರಿನಲ್ಲಿ ಬಂದ ಹಕ್ಕಿಯ ಕಿವಿಯ ಹತ್ತಿರ ಜನವರಿಯಲ್ಲಿ ಇಂಥ ಉಣ್ಣಿ ಸಿಕ್ಕರೆ ಅದು ಸೈಬೀರಿಯಾದ್ದಲ್ಲ, ನಮ್ಮದೇ ಬದುವಿನದು. ಹೇನಿನ ಲೆಕ್ಕ ಇದಕ್ಕೆ ಪೂರಾ ಉಲ್ಟಾ: ಹಕ್ಕಿ ಎಲ್ಲಿಯದೋ ಹೇನೂ ಅಲ್ಲಿಯದೇ.

ಎಲ್ಲ ಉಣ್ಣಿಗೂ ಈ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಹಯಲೋಮಾ ಎಂಬ ಕುಲದ ಒಂದು ಬಗೆ ಮೊದಲೆರಡು ಊಟವನ್ನೂ ಒಂದೇ ಹಕ್ಕಿಯ ಮೇಲೆ ಮುಗಿಸುತ್ತದೆ, ಹಾಗಾಗಿ ಎರಡು ಮೂರು ವಾರ ಅಲ್ಲೇ ಇರಬಲ್ಲದು. ತಣ್ಣನೆಯ ಜರ್ಮನಿಯಲ್ಲಿ 2018ರ ಬೇಸಿಗೆಯಲ್ಲಿ ಬೆಳೆದ ಹಯಲೋಮಾಗಳು ಸಿಕ್ಕಾಗ, ಅವು ದಕ್ಷಿಣದಿಂದ ಹಕ್ಕಿಗಳ ಮೇಲೆ ಬಂದವೆಂದೇ ತಿಳಿಯಲಾಯಿತು. ಆ ವರ್ಷ ಅಲ್ಲಿ ವಿಪರೀತ ಬಿಸಿಲು, ಒಣ ಹವೆ ಇತ್ತು. ಹೋದ ಜಾಗದ ಹವೆ ಒಗ್ಗದಿದ್ದರೆ, ಮುಂದಿನ ಊಟಕ್ಕೆ ಪ್ರಾಣಿ ಸಿಗದಿದ್ದರೆ ಇಳಿದ ಉಣ್ಣಿ ಅಲ್ಲೇ ಒಣಗಿ ಸಾಯುತ್ತದೆ.

ಈ ಅನುಮಾನ ಕರ್ನಾಟಕದಲ್ಲೇ ಒಮ್ಮೆ ದೊಡ್ಡದಾಗಿ ಎದ್ದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಇವತ್ತು ನಾವು ಮಂಗನ ಕಾಯಿಲೆ ಅನ್ನುವುದು ಅದನ್ನೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ, ಸೈಬೀರಿಯಾ ಕಡೆಯ ಉಣ್ಣಿ ಜ್ವರಗಳ ವೈರಸ್ಸಿಗೆ ಇದು ಸಂಬಂಧಿ ಎಂದು ತಿಳಿಯಿತು. ಸೈಬೀರಿಯಾದ ವೈರಸ್ ಮಲೆನಾಡಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೇಲಿನ ಉಣ್ಣಿ ತಂದಿರಬಹುದೇ? 1959ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ, ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣ್ಣಿ ಆರಿಸುವ ಕೆಲಸ ಆರಂಭಿಸಿತು. ಹಕ್ಕಿಗಳೇ ತಂದವು ಎನ್ನಲು ಗಟ್ಟಿ ಸಾಕ್ಷಿ ಸಿಗಲಿಲ್ಲ. ವೈರಸ್ಸನ್ನು ಹೊತ್ತಿದ್ದು ಅಲ್ಲಿಯ ಕಾಡಿನದೇ ಉಣ್ಣಿ. ಆದರೆ ಆ ನೆಪದಲ್ಲಿ ತೊಡಿಸಿದ ಉಂಗುರಗಳಿಂದ ನಮ್ಮ ಚಳಿಗಾಲದ ಹಕ್ಕಿಗಳು ಎಲ್ಲಿಂದೆಲ್ಲಿಗೆ ಹೋಗುತ್ತವೆ ಎಂಬ ವಿವರ ಒಂದೊಂದಾಗಿ ತಿಳಿಯತೊಡಗಿತು.

ಹಕ್ಕಿಜ್ವರದ ದಾರಿ ಬೇರೆ

ಹಕ್ಕಿಜ್ವರ ಹರಡಲು ಹೇನು, ಉಣ್ಣಿ ಬೇಕಿಲ್ಲ. ಅದು ಹರಡುವುದು ಸೋಂಕಿದ ಹಕ್ಕಿಯ ಹಿಕ್ಕೆ, ಮೂಗು ಬಾಯಿಯ ದ್ರವ, ಅವು ತಾಗಿದ ನೀರು, ಮೇವು, ಬುಟ್ಟಿಗಳಿಂದ. ವಲಸೆ ಹಕ್ಕಿಗಳಿಗೂ ಅದು ಬರುತ್ತದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತಾಗ ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಹಾಗಾಗಿ ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದರೆ ಮುಟ್ಟದೆ ಪಶು ಇಲಾಖೆಗೆ ತಿಳಿಸಬೇಕು. ಮೈಮೇಲೆ ಹುಳ ಕಂಡ ಮಾತ್ರಕ್ಕೆ ಹಕ್ಕಿಜ್ವರ ಎಂದರ್ಥವಲ್ಲ.

ಜವಾರಿ ಕೋಳಿ ಸಾಕಿದವರಿಗೆ

ಕೋಳಿಗೆ ಹೇನು, ನುಸಿ ಬರುವುದು ಬಹುತೇಕ ಇನ್ನೊಂದು ಕೋಳಿಯಿಂದಲೇ. ಸಂತೆಯಿಂದ ತಂದ ಹೊಸ ಹುಂಜ, ಬೇರೆಯವರ ಮನೆಯಿಂದ ತಂದ ಹಳೆಯ ಬುಟ್ಟಿ, ಜಂತಿಯಲ್ಲಿ ಗೂಡು ಕಟ್ಟಿದ ಗುಬ್ಬಿ, ಪಾರಿವಾಳ: ಅನುಮಾನ ಮೊದಲು ಇವುಗಳ ಮೇಲಿರಲಿ. ಹಿನ್ನೀರಿನ ನಡುವೆ ನಿಂತ ರಾಜಹಂಸ ನಿಮ್ಮ ಗೂಡಿನ ಕೋಳಿಗೆ ಮೈ ತಾಗಿಸಲು ಬರುವುದಿಲ್ಲ.

ನಮ್ಮ ಮಣ್ಣಿನ ಮಾಳಿಗೆ ಮನೆಗಳಿಗೆ ಇನ್ನೊಬ್ಬ ಹಳೆಯ ಬಾಡಿಗೆದಾರನಿದ್ದಾನೆ, ಕೋಳಿ ಉಣ್ಣಿ. ಇದು ಮೆತ್ತನೆ ಬೆನ್ನಿನದು, ಗೋಡೆಯ ಬಿರುಕಿನಲ್ಲಿ ಕೂತು ರಾತ್ರಿ ಮಾತ್ರ ಬಂದು ಹೀರುತ್ತದೆ. ಹೊಟ್ಟೆಗಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕೋಳಿ ಮಾರಿ ಗೂಡು ಖಾಲಿ ಬಿಟ್ಟು, ವರ್ಷದ ಮೇಲೆ ಹೊಸ ಕೋಳಿ ತಂದರೂ ಮತ್ತೆ ಕಾಣಿಸಿಕೊಳ್ಳುವುದು ಅದಕ್ಕೇ. ಕೋಳಿಗಳಿಗೆ ಜ್ವರ ತರುವ ಒಂದು ಬಗೆಯ ಸೋಂಕನ್ನೂ ಇದು ಹರಡುತ್ತದೆ. ಕೋಳಿಗೆ ಮದ್ದು ಹಾಕಿದರೆ ಸಾಲದು. ಬಿರುಕು ಮುಚ್ಚಬೇಕು, ಗೂಡಿಗೆ ಸುಣ್ಣ ಹೊಡೆಯಬೇಕು. ಅಜ್ಜಿಯಂದಿರು ಗೂಡಿನ ಮುಂದೆ ಒಲೆಯ ಬೂದಿ ಸುರಿಯುತ್ತಿದ್ದರಲ್ಲ, ಕೋಳಿ ಅದರಲ್ಲಿ ಹೊರಳಾಡಿದಾಗ ಹೇನಿನ ಮೈಯ ತೇವ ಒಣಗುತ್ತದೆ, ಅದಕ್ಕೆ ಅರ್ಥವಿದೆ. ಬೆಳೆಗೆ ಹೊಡೆಯುವ ಎಣ್ಣಿಯನ್ನು ಮಾತ್ರ ಕೋಳಿಯ ಮೈಗೆ ಸವರಬೇಡಿ, ಹೇನಿಗಿಂತ ಮೊದಲು ಕೋಳಿ ಸಾಯುತ್ತದೆ. ಪಶುವೈದ್ಯರನ್ನು ಕೇಳಿ. ಸಹಾಯವಾಣಿ 1962.

ಹಕ್ಕಿ ಸಿಕ್ಕರೆ, ಉಣ್ಣಿ ಹತ್ತಿದರೆ

ಗಾಯಗೊಂಡ ಕಾಡುಹಕ್ಕಿ ಸಿಕ್ಕರೆ ದಪ್ಪ ಬಟ್ಟೆ ಮುಚ್ಚಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಇದಕ್ಕೆ ಒಪ್ಪುವುದಿಲ್ಲ. ಸೋಪು ಹಚ್ಚಿ ಕೈ ತೊಳೆಯಿರಿ, ಅಂಗಿ ಜಾಡಿಸಿ.

ನಿಮ್ಮ ಮೈಗೆ ಉಣ್ಣಿ ಹತ್ತಿದ್ದರೆ, ಅದು ಹಕ್ಕಿಯದಿರಲಿ ದನದ್ದಿರಲಿ, ಚಿಮಣಿ ಎಣ್ಣಿ ಹಾಕುವುದು, ಬೀಡಿಯಿಂದ ಸುಡುವುದು ಬೇಡ. ಕಸಿವಿಸಿಗೊಂಡ ಉಣ್ಣಿ ತನ್ನ ಬಾಯಿಯಲ್ಲಿದ್ದದ್ದನ್ನು ನಿಮ್ಮ ಗಾಯದೊಳಗೇ ಕಕ್ಕುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ, ಬಾಯಿಯ ಬಳಿ ಹಿಡಿದು ನಿಧಾನ ನೇರವಾಗಿ ಎಳೆಯಿರಿ. ಆ ಮೇಲಿನ ದಿನಗಳಲ್ಲಿ ಜ್ವರ ಬಂದರೆ ಉಣ್ಣಿ ಕಚ್ಚಿದ ಮಾತನ್ನು ಡಾಕ್ಟರಿಗೆ ಮರೆಯದೆ ಹೇಳಿ. ಬೆಳಗಾವಿಯವರು ಖಾನಾಪುರದ ಕಾಡಿನ ಕಡೆ ಹೋಗಿ ಬಂದಾಗಲೂ ಕಾಲು, ತೊಡೆಯ ಸಂದಿ ನೋಡಿಕೊಳ್ಳುವುದು ಒಳ್ಳೆಯದು.

"ಹಕ್ಕಿ ಸತ್ರ ಹೇನು ಏನ್ ಮಾಡ್ತಾವ್ರಿ?"

ವಾರದ ಮೇಲೆ ಮತ್ತೆ ಸಿಕ್ಕ ಕಾಕಾ ಕೇಳಿದ ಪ್ರಶ್ನೆ ಇದು. ಬಂದ ಪ್ರಶ್ನೆಗಳಲ್ಲೆಲ್ಲ ಇದೇ ಚಂದದ್ದು ಎನಿಸಿತು.

ಮೈ ತಣ್ಣಗಾಗುತ್ತ ಹೋದಂತೆ ಚಪ್ಪಟೆ ನೊಣ ಹಾರಿಹೋಗುತ್ತದೆ. ಉಣ್ಣಿ ಬಾಯಿ ಬಿಡಿಸಿಕೊಂಡು ಇಳಿಯಬಹುದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಎತ್ತಬಾರದು ಎನ್ನುವುದಕ್ಕೆ ರೋಗಾಣುಗಳ ಜೊತೆಗೆ ಇದೂ ಒಂದು ಕಾರಣ. ಹೇನಿಗೆ ಅಂಥ ದಾರಿ ಇಲ್ಲ. ಗರಿಯ ತುದಿಗೆ ಬಂದು ಅಲೆದಾಡಿ, ಇನ್ನೊಂದು ಹಕ್ಕಿ ತಾಗದಿದ್ದರೆ ಕೆಲವು ದಿನಗಳಲ್ಲಿ ಅಲ್ಲೇ ಮುಗಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು ಅಳಿವಿನಂಚಿಗೆ ಬಂದಾಗ, 1987ರ ಹೊತ್ತಿಗೆ ಉಳಿದ ಅಷ್ಟನ್ನೂ ಹಿಡಿದು ಸಾಕಿ, ಹೇನಿನ ಮದ್ದು ಹಾಕಿದರು. ಕಾಂಡೋರ್ ಉಳಿಯಿತು. ಅದರ ಮೇಲೆ ಮಾತ್ರ ಬದುಕುತ್ತಿದ್ದ ಹೇನಿನ ಒಂದು ಜಾತಿ ಭೂಮಿಯಿಂದಲೇ ಅಳಿಯಿತು.

ಕೆಲವು ಹೇನುಗಳಿಗೆ ಮಾತ್ರ ಇನ್ನೊಂದು ಉಪಾಯ ಗೊತ್ತಿದೆ. ಹಾರಿಹೋಗುವ ಚಪ್ಪಟೆ ನೊಣವನ್ನು ಕಚ್ಚಿ ಹಿಡಿದು ನೇತಾಡುತ್ತ ಮುಂದಿನ ಹಕ್ಕಿಯವರೆಗೆ ಹೋಗುತ್ತವೆ. ನೊಣ ಹೋಗಿ ಕೂತಲ್ಲಿಗೆ ಹೇನಿನ ಪಯಣ. ಅದು ಸರಿಯಾದ ಹಕ್ಕಿಯೋ, ಇನ್ಯಾವುದೋ, ಅದೃಷ್ಟ.

ಇದನ್ನು ನಾನು ಓದಿ ತಿಳಿದಿದ್ದೆ, ಕಂಡಿರಲಿಲ್ಲ. ಶೀಸೆಯ ನೊಣವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಲು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿ ಕೊಟ್ಟೆ. ಸಾಲಿನಲ್ಲಿ ಮೂರನೆಯವಳು ಕಣ್ಣು ತೆಗೆಯದೆ ಬಹಳ ಹೊತ್ತು ನೋಡುತ್ತಲೇ ಇದ್ದಳು. ಹಿಂದಿನವರು ತಳ್ಳಾಡತೊಡಗಿದರು.

"ಸರ, ಇದರ ಹೊಟ್ಟಿ ಕೆಳಗ ಇನ್ನೊಂದು ಸಣ್ಣದು ಕಚ್ಚಿ ಹಿಡದೈತ್ರಿ."